ಹೆಸರಿಗೆ ಕಮಟು ಹಿಡಿದ ಬೇಸಿಗೆ

ಮೊನ್ನೆ ದೋಹಾದ ಐನ್ ಖಾಲಿದ್‌ನಲ್ಲಿ ಪರಿಚಯದವರ ಮನೆಗೆ ಅರಿಸಿನ ಕುಂಕುಮಕ್ಕೆ ಹೋಗಿದ್ದೆ. ಆ ಮನೆಯಾಕೆ ರಜೆ ಮುಗಿಸಿ ಊರಿನಿಂದ ಬಂದು ಕೆಲವೇ ದಿನಗಳಾಗಿದ್ದವು. ಅಡುಗೆಮನೆಯಲ್ಲಿ ನಿಂತು ಮಾತಾಡುತ್ತಿದ್ದಾಗ, ಊರಿಗೆ ಹೋಗುವ ಮುಂಚೆ ಮುಚ್ಚಿಟ್ಟಿದ್ದ ಮೆಣಸಿನ ಪುಡಿಯ ಡಬ್ಬ ತೆರೆದರು. ಬೇಸಿಗೆಯಿಡೀ ಎಸಿ ಇಲ್ಲದೆ ಬೀಗ ಹಾಕಿದ್ದ ಮನೆ, ಪುಡಿ ಕೆಟ್ಟು ಹೋಗಿತ್ತು. ಹಳೆಯ ಎಣ್ಣೆಯೂ ಒದ್ದೆ ಗೋಣಿಯೂ ಸೇರಿದಂಥ ಕಮಟು ವಾಸನೆ ಮುಖಕ್ಕೆ ಹೊಡೆಯಿತು. ಅವರು "ಅಯ್ಯೋ, ಹಾಳಾಗಿದೆ" ಎಂದು ಅದನ್ನು ಕಸದ ಚೀಲಕ್ಕೆ ಸುರಿದು ಕೈ ತೊಳೆದುಕೊಂಡರು. ನಾನು ಮಾತ್ರ ಸೆರಗನ್ನು ಮೂಗಿಗೆ ಒತ್ತಿಕೊಂಡು ಹೊರಗಿನ ಕೋಣೆಗೆ ಬಂದು ಕುಳಿತುಬಿಟ್ಟೆ. ಯಾರೋ ನೀರು ತಂದುಕೊಟ್ಟರು. ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯಿಡೀ ನಾನು ಉಸಿರಾಡಿದ್ದು ಆ ವಾಸನೆಯನ್ನೇ.

ನಮ್ಮದು ಮೂಲ್ಕಿ ಕಡೆ. ಮದುವೆಯಾಗಿ ದೋಹಾಕ್ಕೆ ಬಂದಾಗಿನಿಂದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಒಂದೇ ಫ್ಲ್ಯಾಟಿನಲ್ಲಿದ್ದೇವೆ. ನಮ್ಮವರು, ಸದಾಶಿವ, ಒಂದು ಕಟ್ಟಡ ಕಂಪನಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ನಾನು ಮೊದಲಿನಿಂದಲೂ ಮಸಾಲೆ ಹುರಿದು ಪುಡಿ ಮಾಡಿ ಗುರುತಿನವರಿಗೆ ಕೊಡುತ್ತಿದ್ದೆ. ಕೇಳುವವರು ಹೆಚ್ಚಾದಾಗ ಅಲ್ ಮನ್ಸೂರಾದ ಒಂದು ಗಲ್ಲಿಯಲ್ಲಿ, ಹಣ ಕಳಿಸುವ ಎಕ್ಸ್‌ಚೇಂಜಿನ ಹಿಂದೆ, ಸಣ್ಣದೊಂದು ಮಿಲ್ಲು ಹಾಕಿದೆವು. ಮುಂದೆ ಅಂಗಡಿ, ಹಿಂದೆ ಹುರಿಯುವ ಒಲೆ ಮತ್ತು ಯಂತ್ರ. ಮೀನಿನ ಮಸಾಲೆ, ಕೋಳಿ ಸುಕ್ಕದ ಪುಡಿ, ಸಾರಿನ ಪುಡಿ. ಹೆಸರು ಇಟ್ಟದ್ದು ನಾನು: ಪಡುಗಾಳಿ. ಮಳೆ ಹಿಡಿಯುವ ಮುಂಚೆ ನಮ್ಮೂರಿನ ಕಡಲಿನಿಂದ ಬೀಸುವ ಆ ಗಾಳಿ ನನಗೆ ಇಲ್ಲಿ ಎಲ್ಲಕ್ಕಿಂತ ಹೆಚ್ಚು ನೆನಪಾಗುತ್ತಿತ್ತು. ನಮ್ಮವರು ಗಾಳಿಗೆ ಒಂದು ಬದಿಗೆ ವಾಲಿದ ಹಾಯಿಯ ಚಿತ್ರ ಬರೆದುಕೊಟ್ಟರು. ನೀಲಿ ಪಟ್ಟಿ, ಬಿಳಿ ಹಾಯಿ, ಕೆಳಗೆ ಕನ್ನಡ, ಅರಬಿ, ಇಂಗ್ಲಿಷಿನಲ್ಲಿ ಹೆಸರು. ಆ ಪೊಟ್ಟಣ ಮೊದಲ ಸಲ ಅಚ್ಚಾಗಿ ಬಂದ ದಿನ ನಾವಿಬ್ಬರೂ ಅದನ್ನು ಊಟದ ಮೇಜಿನ ಮೇಲೆ ನಿಲ್ಲಿಸಿಟ್ಟು ನೋಡುತ್ತ ಊಟ ಮಾಡಿದ್ದೆವು.

ವ್ಯಾಪಾರದ ಲೈಸೆನ್ಸನ್ನು ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದ್ದೆವು. ಅದರಲ್ಲಿ ಪಡುಗಾಳಿ ಎಂದೇ ಇತ್ತು. ಸರಕಾರದ ಮುದ್ರೆಯ ಕೆಳಗೆ ನಮ್ಮ ಹೆಸರಿದ್ದ ಮೇಲೆ ಅದು ನಮ್ಮದೇ ಎಂದುಕೊಂಡಿದ್ದೆವು. ಹಾಗೆ ಅಂದುಕೊಂಡವರು ನಾವಿಬ್ಬರೇ ಅಲ್ಲ. ಆ ಗಲ್ಲಿಯ ಅರ್ಧಕ್ಕರ್ಧ ಅಂಗಡಿಯವರು ಇವತ್ತಿಗೂ ಹಾಗೆಯೇ ನಂಬಿಕೊಂಡಿದ್ದಾರೆ.

ಪುಡಿಯನ್ನು ದೋಹಾದ ಬೇರೆ ಬೇರೆ ಅಂಗಡಿಗಳಿಗೆ ಮುಟ್ಟಿಸುತ್ತಿದ್ದವನು ರತ್ನಾಕರ. ನಮ್ಮ ಜಿಲ್ಲೆಯವನೇ. ವ್ಯಾನಿನಲ್ಲಿ ಅಕ್ಕಿ, ಉಪ್ಪಿನಕಾಯಿ, ಹಪ್ಪಳ ತುಂಬಿಕೊಂಡು ಅಂಗಡಿಯಿಂದ ಅಂಗಡಿಗೆ ತಿರುಗುತ್ತಿದ್ದ ಹುಡುಗ, ನೋಡುನೋಡುತ್ತಿದ್ದ ಹಾಗೆ ಆಫೀಸು, ಗೋಡೌನು, ನಾಲ್ಕಾರು ವ್ಯಾನುಗಳ ಯಜಮಾನನಾಗಿದ್ದ. ಶುಕ್ರವಾರ ಬಂದರೆ ನಮ್ಮಲ್ಲೇ ಊಟ. ಅವನ ಹೆಂಡತಿಯ ಬಾಣಂತನಕ್ಕೆ ಬೇಕಾದ ಪುಡಿಗಳನ್ನೆಲ್ಲ ನಾನೇ ಹುರಿದು ಮಾಡಿಕೊಟ್ಟಿದ್ದೆ. ಬಂಗುಡೆ ಸಾರಿನ ಬಟ್ಟಲನ್ನು ಬೆರಳಿನಿಂದ ಬಳಿದು ನೆಕ್ಕುತ್ತ, "ಅಕ್ಕ, ನಿಮ್ಮ ಕೈಯ ರುಚಿ ಯಾರೂ ಕದಿಯಲಿಕ್ಕೆ ಆಗುವುದಿಲ್ಲ" ಎನ್ನುತ್ತಿದ್ದ. ಕೈಯ ರುಚಿ ಬಿಟ್ಟು ಬೇರೆ ಏನನ್ನು ಕದಿಯಬಹುದು ಎಂದು ಅವನು ಆಗಲೇ ಯೋಚಿಸುತ್ತಿದ್ದನೋ ಏನೋ. ಈಗ ಆ ಬಟ್ಟಲು, ಆ ಬೆರಳು, ಆ ನಾಲಿಗೆ ನೆನಪಾದರೂ ಹೇಸಿಗೆಯಾಗುತ್ತದೆ.

ಆ ವರ್ಷ ಜುಲೈಯಲ್ಲಿ ನಾನು ಊರಿಗೆ ಹೋಗಲಿಲ್ಲ. ಮಿಲ್ಲಿನ ಯಂತ್ರ ಬದಲಾಯಿಸುವುದಿತ್ತು. ಶಾಲೆಗಳಿಗೆ ರಜೆ ಸಿಕ್ಕು ನಮ್ಮ ಕಟ್ಟಡದ ಮನೆಗಳೆಲ್ಲ ಖಾಲಿಯಾಗಿದ್ದವು. ಬೆಳಗ್ಗೆ ಬಾಗಿಲು ತೆರೆದರೆ ಹಬೆಯಂಥ ಗಾಳಿ ಕನ್ನಡಕವನ್ನೇ ಮಸುಕು ಮಾಡುತ್ತಿತ್ತು. ಮೆಟ್ರೋದಿಂದ ಅಂಗಡಿಗೆ ನಡೆಯುವಷ್ಟರಲ್ಲಿ ರವಿಕೆ ಬೆನ್ನಿಗೆ ಅಂಟುತ್ತಿತ್ತು. ಒಲೆಯ ಮುಂದೆ ನಾನೂ ಮಾಯಾಳೂ. ಮಾಯಾ ನೇಪಾಳದವಳು, ಮಿಲ್ಲು ತೆರೆದಾಗಿನಿಂದ ನನ್ನ ಜೊತೆಗಿದ್ದವಳು. ಬೇಡಿಕೆ ಹೆಚ್ಚಾದೀತೆಂದು ಹೊಸ ಯಂತ್ರ ಕೂರಿಸಿದ್ದೆವು, ಆದರೆ ಆರ್ಡರು ಕಡಿಮೆಯಾಗುತ್ತ ಬಂತು. ರತ್ನಾಕರನಿಗೆ ಫೋನು ಮಾಡಿದರೆ, "ಎಲ್ಲ ಊರಿಗೆ ಹೋಗಿದ್ದಾರಲ್ಲ ಅಕ್ಕ, ಮಾರ್ಕೆಟ್ಟೇ ಇಲ್ಲ. ಸೆಪ್ಟೆಂಬರಿನಲ್ಲಿ ನೋಡುವ" ಎನ್ನುತ್ತಿದ್ದ.

ಒಂದು ದಿನ ಹಾಲು ತರಲು ಹೋದಾಗ ಮನೆಯ ಹತ್ತಿರದ ಕಿರಾಣಿ ಅಂಗಡಿಯಲ್ಲಿ ಪಡುಗಾಳಿಯ ಪೊಟ್ಟಣಗಳು ಸಾಲಾಗಿ ತುಂಬಿದ್ದನ್ನು ಕಂಡೆ. ನಾನು ತಿಂಗಳಿನಿಂದ ಆ ಅಂಗಡಿಗೆ ಮಾಲು ಕಳಿಸಿರಲಿಲ್ಲ. ಹಳೆಯದಿರಬೇಕು ಎಂದು ಅಂಗಡಿಯ ಮಲಯಾಳಿಯನ್ನು ಕೇಳಿದೆ.

"ಇಲ್ಲ ಚೇಚಿ, ಮೊನ್ನೆ ರತ್ನಾಕರ ಕೊಟ್ಟದ್ದು. ಫ್ರೆಶ್ ಸ್ಟಾಕ್" ಎಂದ.

ಎಲ್ಲೋ ಲೆಕ್ಕ ತಪ್ಪಿದೆ ಎಂದುಕೊಂಡು ಮನೆಗೆ ಬಂದೆ. ಅದಾಗಿ ಸ್ವಲ್ಪ ದಿನಕ್ಕೆ ಸುಮಾ ಅಂಗಡಿಗೆ ಬಂದರು. ಮೈಸೂರಿನವರು, ಬ್ಯಾಂಕಿನಲ್ಲಿ ಕೆಲಸ. ನನ್ನ ಸಾರಿನ ಪುಡಿ ಬಿಟ್ಟು ಬೇರೆ ಮುಟ್ಟದವರು. ಒಳಗೆ ಬಂದವರೇ ಪೊಟ್ಟಣವನ್ನು ಕಟ್ಟೆಯ ಮೇಲೆ ಎಸೆದರು.

"ಏನ್ ಸರೋಜಮ್ಮ ಇದು? ನಿಮ್ಮನ್ನ ನಂಬಿ ತಾನೇ ನಾವು ತಗೊಳ್ಳೋದು? ಮಗೂಗೆ ನೆನ್ನೆಯಿಂದ ವಾಂತಿ ನಿಂತಿಲ್ಲ. ಆಸ್ಪತ್ರೆಯಿಂದ ಸೀದಾ ಇಲ್ಲಿಗೇ ಬರ್ತಿದೀನಿ."

"ಕೊಡಿ ಮಾರಾಯ್ರೆ, ನೋಡುವ" ಎಂದು ಪೊಟ್ಟಣ ಬಿಡಿಸಿ ಮೂಗಿಗೆ ಹಿಡಿದೆ. ಹಿಡಿದವಳೇ ದೂರ ಮಾಡಿದೆ. ಕಮಟು. ಹೊತ್ತಿದ ಕೊತ್ತಂಬರಿ, ಬೂಸ್ಟು ಹಿಡಿದ ಮೆಣಸು, ಎಷ್ಟು ಸಲ ಕಾಯಿಸಿದ್ದೋ ಎಂಬಂಥ ಎಣ್ಣೆ. ಚಿಟಿಕೆ ಪುಡಿಯನ್ನು ನೀರಿನ ಲೋಟಕ್ಕೆ ಹಾಕಿದೆ. ಪುಡಿ ತಳಕ್ಕೆ ಇಳಿಯುವ ಮೊದಲೇ ಕೆಂಪು ಬಣ್ಣ ಎಳೆ ಎಳೆಯಾಗಿ ಬಿಟ್ಟುಕೊಂಡು ಲೋಟವಿಡೀ ಕುಂಕುಮದ ನೀರಿನ ಹಾಗಾಯಿತು. ಮೇಲೆ ತೌಡು ತೇಲಿತು. ಮುಟ್ಟಿದ ಬೆರಳ ತುದಿಗೆ ಹತ್ತಿದ ಬಣ್ಣ ಸೋಪು ಹಾಕಿ ಉಜ್ಜಿದರೂ ಬಿಡಲಿಲ್ಲ.

ಪೊಟ್ಟಣದ ಮೇಲೆ ನೀಲಿ ಪಟ್ಟಿ ಇತ್ತು. ನಮ್ಮವರು ಬರೆದ ಹಾಯಿ ಇತ್ತು. ನನ್ನ ಪಡುಗಾಳಿ ಇತ್ತು. ಹಿಂಬದಿಯಲ್ಲಿ ತಯಾರಕರ ಜಾಗದಲ್ಲಿ ಮಾತ್ರ ರತ್ನಾಕರನ ಕಂಪನಿ.

"ಇದು ನನ್ನದಲ್ಲ ಸುಮಾ" ಎಂದೆ.

"ಹೆಸರು ನಿಮ್ದೇ ಇದೆಯಲ್ಲ?" ಎಂದರು. ಅವರ ಮಾತಿನಲ್ಲಿ ತಪ್ಪೇನಿತ್ತು? ಮಗುವಿಗೆ ಹಾಕುವ ಸಾರಿನ ಪುಡಿಯ ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ ಯಾರು ಓದುತ್ತಾರೆ? ಹೆಸರು ನೋಡುತ್ತಾರೆ, ಬುಟ್ಟಿಗೆ ಹಾಕಿಕೊಳ್ಳುತ್ತಾರೆ. ಹೆಸರು ಇರುವುದೇ ಅದಕ್ಕೆ.

ಅವತ್ತೇ ಸಂಜೆ ನಾವಿಬ್ಬರೂ ರತ್ನಾಕರನ ಆಫೀಸಿಗೆ ಹೋದೆವು. ಎಸಿಯ ತಂಪು, ಬಾಗಿಲ ಬಳಿ ಊದುಬತ್ತಿಯ ಸುವಾಸನೆ. ಅವನು ಎದ್ದು ನಿಂತು ಕುರ್ಚಿ ಎಳೆದ.

"ಕೂತುಕೊಳ್ಳಿ ಅಕ್ಕ, ಭಾವ ನೀವೂ. ಚಾ ಹೇಳ್ತೇನೆ."

"ಚಾ ಬೇಡ. ಇದು ಎಂತದು?" ಪೊಟ್ಟಣ ಮುಂದಿಟ್ಟೆ.

"ಪಡುಗಾಳಿ."

"ಯಾರ ಪಡುಗಾಳಿ?"

"ಈಗ ನನ್ನದು ಅಕ್ಕ."

ಅವನ ಮುಖದಲ್ಲಿ ನಾಚಿಕೆಯ ಗೆರೆ ಹುಡುಕಿದೆ. ಇರಲಿಲ್ಲ. ಗೋಡೆಯ ಕಡೆ ಕೈ ತೋರಿಸಿದ. ಅಲ್ಲಿ ಟ್ರೇಡ್‌ಮಾರ್ಕ್ ನೋಂದಣಿಯ ಪ್ರಮಾಣಪತ್ರ ತೂಗುತ್ತಿತ್ತು. ನಮ್ಮ ಹಾಯಿ, ನಮ್ಮ ಹೆಸರು, ಅವನ ಕಂಪನಿ. ಹಿಂದಿನ ವರ್ಷವೇ ಅರ್ಜಿ ಹಾಕಿದ್ದನಂತೆ. ಅಂದರೆ ನಮ್ಮ ಮನೆಯಲ್ಲಿ ಶುಕ್ರವಾರದ ಊಟ ಉಣ್ಣುತ್ತಿದ್ದ ದಿನಗಳಲ್ಲೇ.

"ನಮ್ಮ ಲೈಸೆನ್ಸಿನಲ್ಲಿ ಇದೇ ಹೆಸರು ಉಂಟಲ್ಲ ಮಾರಾಯ" ಎಂದರು ನಮ್ಮವರು.

"ಅಂಗಡಿ ನಡೆಸಲಿಕ್ಕೆ ಲೈಸೆನ್ಸ್ ಭಾವ. ಮಾಲಿನ ಮೇಲೆ ಹಾಕುವ ಹೆಸರಿಗೆ ಬೇರೆಯೇ ರಿಜಿಸ್ಟ್ರೇಶನ್ ಆಗಬೇಕು. ನೀವು ಮಾಡಲಿಲ್ಲ, ನಾನು ಮಾಡಿದೆ. ನಾನಲ್ಲದಿದ್ದರೆ ಬೇರೆ ಯಾರೋ ಮಾಡುತ್ತಿದ್ದರು. ನಮ್ಮವನೇ ಮಾಡಿದ ಅಂತ ಸಮಾಧಾನ ಮಾಡಿಕೊಳ್ಳಿ." ಆಮೇಲೆ ದನಿ ತಗ್ಗಿಸಿ ನನಗೆ ಹೇಳಿದ, "ನೀವು ನನಗೇ ಪುಡಿ ಮಾಡಿಕೊಡಿ ಅಕ್ಕ. ಪೊಟ್ಟಣದ ತಲೆಬಿಸಿ ನನಗಿರಲಿ. ಯಲ್ಲಾ, ಬನ್ನಿ, ಒಟ್ಟಿಗೆ ಕೆಲಸ ಮಾಡುವ."

ಅವನ ಬಾಯಿಂದ ಅಕ್ಕ ಎಂಬ ಶಬ್ದ ಬಂದಾಗಲೆಲ್ಲ ಯಾರೋ ಜೊಲ್ಲು ಬೆರಳಿನಿಂದ ಕೆನ್ನೆ ಮುಟ್ಟಿದ ಹಾಗಾಗುತ್ತಿತ್ತು. ನಾನು ಪೊಟ್ಟಣ ಎತ್ತಿಕೊಂಡು ಎದ್ದು ಬಂದೆ. ಹೊರಗಿನ ಸೆಕೆ ಆವತ್ತು ಹಿತವೆನ್ನಿಸಿತು.

ಒಂದೆರಡು ವಾರದಲ್ಲಿ ಅವನ ವಕೀಲರಿಂದ ನೋಟೀಸು ಬಂತು. ಪಡುಗಾಳಿ ಎಂಬ ಹೆಸರನ್ನಾಗಲಿ ಹಾಯಿಯ ಗುರುತನ್ನಾಗಲಿ ನಾವು ಇನ್ನು ಯಾವ ಮಾಲಿನ ಮೇಲೂ ಬಳಸಕೂಡದು, ಬಳಸಿದರೆ ದೂರು. ನಮ್ಮ ಹೆಸರು ಕದ್ದವನು ನಾವೇ ಕಳ್ಳರೆಂದು ಬರೆಸಿ ಕಳಿಸಿದ್ದ. ಕಾನೂನು ತಿಳಿದವರೊಬ್ಬರು, ಸದ್ಯಕ್ಕೆ ಪೊಟ್ಟಣಗಳನ್ನು ತೆಗೆದಿಡಿ, ಇಲ್ಲದಿದ್ದರೆ ಇನ್ನೊಂದು ತಕರಾರು ಮೈಮೇಲೆ ಬರುತ್ತದೆ ಎಂದರು. ಹಾಗಾಗಿ ಆಗಸ್ಟಿನ ಆ ಉರಿಯಲ್ಲಿ ನಾನೂ ಮಾಯಾಳೂ ನೆಲದ ಮೇಲೆ ಕುಳಿತು ಡಬ್ಬಗಳ ಮೇಲಿನ ಚೀಟಿಗಳನ್ನು ಬಿಸಿನೀರು ಹಾಕಿ ಕೆರೆದು ಕಿತ್ತೆವು. ಅಂಟು ಉಗುರಿನ ಸಂದಿಗೆಲ್ಲ ಸೇರಿಕೊಂಡಿತು. ಹಾಯಿ ಮುದ್ದೆಯಾಗಿ ಬಕೆಟ್ಟಿಗೆ ಬೀಳುತ್ತಿತ್ತು.

"ದೀದಿ, ಅಪ್ನಾ ಹೀ ನಾಮ್ ಕ್ಯೂಂ ನಿಕಾಲ್ ರಹೇ ಹೈಂ?" ಎಂದು ಮಾಯಾ ಕೇಳಿದಳು. ನಮ್ಮದೇ ಹೆಸರನ್ನು ನಾವೇಕೆ ಕೀಳುತ್ತಿದ್ದೇವೆ ಎಂದು. ನಾನು ಇನ್ನೊಂದು ಡಬ್ಬ ಕೈಗೆತ್ತಿಕೊಂಡೆ.

ಅಷ್ಟರಲ್ಲಿ ಅವನ ಪುಡಿ ಇನ್ನೂ ಕೆಲವರ ಹೊಟ್ಟೆ ಕೆಡಿಸಿತ್ತು. ದೂರು ಹೋಗಿ, ಆಹಾರ ತಪಾಸಣೆಯವರು ಅಂಗಡಿಗಳಿಂದ ಪಡುಗಾಳಿಯನ್ನು ಎತ್ತಿಸಿದರು. ಅದೇ ಹೆಸರಿನ ಫಲಕ ನೋಡಿ ನಮ್ಮ ಮಿಲ್ಲಿಗೂ ಬಂದರು. ಒಲೆ, ಯಂತ್ರ, ಗೋಣಿ ಎಲ್ಲ ನೋಡಿ, ಸ್ಯಾಂಪಲ್ಲು ತೆಗೆದುಕೊಂಡು ಹೋದರು. ನಮ್ಮ ಪುಡಿಯಲ್ಲಿ ಏನೂ ದೋಷವಿಲ್ಲವೆಂದು ಬಂತು. ಅದನ್ನು ತಿಳಿದವರು ನಾವಿಬ್ಬರು ಮತ್ತು ಮಾಯಾ. ಊರಿಗೆಲ್ಲ ತಿಳಿದದ್ದು ವಾಟ್ಸ್‌ಆ್ಯಪಿನಲ್ಲಿ ಓಡಾಡಿದ ಫೋಟೋ. ಕೆಂಪು ನೀರಿನ ಲೋಟ, ಪಕ್ಕದಲ್ಲಿ ನೀಲಿ ಪಟ್ಟಿಯ ಪೊಟ್ಟಣ, ಕೆಳಗೆ "ದಯವಿಟ್ಟು ಪಡುಗಾಳಿ ಕೊಳ್ಳಬೇಡಿ, ನಿಮ್ಮವರಿಗೂ ತಿಳಿಸಿ." ನಮ್ಮ ಕನ್ನಡದವರ ಗುಂಪಿನಲ್ಲೂ ಬಂತು, ತುಳುವರ ಗುಂಪಿನಲ್ಲೂ ಬಂತು. ಎಷ್ಟೋ ವರ್ಷ ನನ್ನ ಪುಡಿ ತಿಂದವರು ಅದಕ್ಕೆ ಕೈಮುಗಿದ ಚಿತ್ರ ಹಾಕಿದ್ದರು. ಇದರ ಮಧ್ಯೆ ರತ್ನಾಕರ ದಂಡ ಕಟ್ಟಿ, ಮಾಲು ಬದಲಾಯಿಸಿ, ಬೇಳೆ ಕಾಳು ಮಾರಿಕೊಂಡು ಆರಾಮವಾಗಿದ್ದ. ಮಸಿ ಅಂಟಿದ್ದು ಹೆಸರಿಗೆ. ಜನರ ತಲೆಯಲ್ಲಿ ಆ ಹೆಸರು ಎಂದರೆ ಅಲ್ ಮನ್ಸೂರಾದ ಸರೋಜಕ್ಕ.

ಮಳಿಗೆ ಮುಚ್ಚಿಬಿಡುವ ಎಂದರು ನಮ್ಮವರು. ನಾನು ಒಪ್ಪಲಿಲ್ಲ. ಸಿಟ್ಟಿಗಿಂತ ಹೆಚ್ಚಾಗಿ ಹೇಸಿಗೆ ನನ್ನನ್ನು ನಡೆಸಿತು ಎನ್ನಬೇಕು. ಮನೆಯೊಳಗೆ ಇಲಿ ಸತ್ತಿದ್ದರೆ ಹುಡುಕಿ ಹೊರಗೆ ಹಾಕದೆ ಮಲಗಲು ಆಗುತ್ತದೆಯೇ, ಹಾಗೆ.

ನಡೆದದ್ದು ತಿಳಿದ ಮೇಲೆ ಸುಮಾ ಅವರೇ ಒಬ್ಬ ವಕೀಲೆಯ ವಿಳಾಸ ಕೊಟ್ಟರು. ಹೆಸರು ಹನಾನ್. ಮಾತು ಕಡಿಮೆ, ಪ್ರಶ್ನೆ ಹೆಚ್ಚು. ನಮ್ಮ ಕಥೆಯನ್ನೆಲ್ಲ ಕೇಳಿ ಇಂಗ್ಲಿಷಿನಲ್ಲಿ ಹೇಳಿದರು: "ಅವನು ಅರ್ಜಿ ಹಾಕಿದಾಗ ಅದನ್ನು ಪ್ರಕಟಿಸಿರುತ್ತಾರೆ. ಆಕ್ಷೇಪ ಎತ್ತಲು ಕಾಲಾವಕಾಶವೂ ಇರುತ್ತದೆ. ನೀವು ನೋಡಲಿಲ್ಲ."

"ಮಸಾಲೆ ಹುರಿಯುವವರು ಅದನ್ನು ಎಲ್ಲಿ ನೋಡುತ್ತಾರೆ?" ಎಂದೆ.

"ಯಾರೂ ನೋಡುವುದಿಲ್ಲ. ಅದಕ್ಕೇ ಹೆಸರಿಟ್ಟ ದಿನವೇ ನೋಂದಾಯಿಸಬೇಕು. ನೋಂದಾಯಿಸಿದ್ದರೆ ಇಂದು ಅವನು ನಿಮ್ಮ ಮುಂದೆ ತಾನು ಕಳ್ಳನಲ್ಲವೆಂದು ತೋರಿಸಬೇಕಿತ್ತು. ಈಗ ನೀವು ಆ ಹೆಸರು ನಿಮ್ಮದೆಂದು ತೋರಿಸಬೇಕು. ದಾರಿ ಇದೆ, ಉದ್ದ ಇದೆ."

ಅವನಿಗಿಂತ ಮೊದಲು ನಾವೇ ಆ ಹೆಸರನ್ನು ಬಳಸುತ್ತಿದ್ದೆವು, ಅದು ಅವನಿಗೆ ಗೊತ್ತಿತ್ತು. ಎರಡನ್ನೂ ನಾವು ರುಜುವಾತು ಮಾಡಬೇಕಾಗಿತ್ತು. ಗೊತ್ತಿತ್ತು ಎನ್ನುವುದಕ್ಕೆ ಅವನದೇ ಧ್ವನಿ ನನ್ನ ಫೋನಿನಲ್ಲಿತ್ತು. "ಅಕ್ಕ, ಪಡುಗಾಳಿ ಮುಗಿದಿದೆ, ಬೇಗ ಕಳಿಸಿ" ಎಂಬ ಅವನ ಹಳೆಯ ವಾಯ್ಸ್ ಮೆಸೇಜುಗಳು. ಹನಾನ್ ಒಂದನ್ನು ಕೇಳಿಸಿಕೊಂಡು ಹುಬ್ಬೇರಿಸಿದರು.

"ಇದು ಯಾವ ಭಾಷೆ? ಹಿಂದಿಯೇ?"

"ತುಳು."

ತುಳುವಿನಿಂದ ಅರಬಿಗೆ ಅನುವಾದ ಮಾಡಿ ಕೋರ್ಟು ಒಪ್ಪುವ ಮುದ್ರೆ ಹಾಕುವವರು ನಮಗೆ ದೋಹಾದಲ್ಲಿ ಸಿಗಲಿಲ್ಲ. ಅವನು ನನಗೆ ಮಾಡಿದ ಮೋಸ ನಮ್ಮ ತಾಯಿನುಡಿಯಲ್ಲೇ ಇತ್ತು, ಆದರೆ ಅಲ್ಲಿ ಅದಕ್ಕೆ ಬೆಲೆ ಇರಲಿಲ್ಲ. ಕೊನೆಗೆ ಅವನ ಆಫೀಸಿನಿಂದ ಇಂಗ್ಲಿಷಿನಲ್ಲಿ ಬಂದಿದ್ದ ಆರ್ಡರುಗಳು, ನಮ್ಮ ಹಳೆಯ ಅಚ್ಚಿನ ಬಿಲ್ಲುಗಳು, ಸಂಘದ ಕಾರ್ಯಕ್ರಮಗಳಲ್ಲಿ ನಮ್ಮ ಮಳಿಗೆಯ ಫೋಟೋಗಳು ಉಪಯೋಗಕ್ಕೆ ಬಂದವು. ಒಂದು ಫೋಟೋದಲ್ಲಿ ಪಡುಗಾಳಿಯ ಫಲಕದ ಕೆಳಗೆ ರತ್ನಾಕರನೇ ನಿಂತು ನಗುತ್ತಿದ್ದ. ಹನಾನ್ ಅದನ್ನು ನೋಡಿ ಮೊದಲ ಸಲ ನಕ್ಕರು. ನನಗೆ ನಗು ಬರಲಿಲ್ಲ.

ಕೇಸು ಎಳೆಯಿತು. ಚಳಿ ಬಂತು, ಜನರೆಲ್ಲ ಕಡಲ ತೀರಕ್ಕೆ ಸಂಜೆ ವಿಹಾರಕ್ಕೆ ಹೊರಟರು. ಮಿಲ್ಲಿನಲ್ಲಿ ನಾವು ಫಲಕ ಇಳಿಸಿ, ಹೆಸರಿಲ್ಲದ ಬಿಳಿ ಪೊಟ್ಟಣಗಳಲ್ಲಿ ಗುರುತಿನವರಿಗಷ್ಟೇ ಪುಡಿ ಕೊಟ್ಟುಕೊಂಡು ದಿನ ದೂಡಿದೆವು. ಕೆಲವರು ಬಂದು, "ಇದು ಆ ಪಡುಗಾಳಿ ಅಲ್ಲ ಅಲ್ವಾ?" ಎಂದು ಕೇಳಿ, ಅಲ್ಲವೆಂದು ನನ್ನ ಬಾಯಿಂದ ಹೇಳಿಸಿಕೊಂಡು ಕೊಳ್ಳುತ್ತಿದ್ದರು. ನಾನೇ ಇಟ್ಟ ಹೆಸರನ್ನು ನಾನೇ ಅಲ್ಲಗಳೆಯುತ್ತ ಕೂರುವುದು ಎಂಥ ಕೆಲಸವೆಂದು ಆ ಚಳಿಗಾಲದಲ್ಲಿ ಕಲಿತೆ.

ಮತ್ತೆ ಸೆಕೆ ಏರುವ ಹೊತ್ತಿಗೆ ತೀರ್ಪು ಬಂತು. ಅವನ ನೋಂದಣಿ ರದ್ದು. ಹನಾನ್ ಫೋನಿನಲ್ಲಿ, "ಮಬ್ರೂಕ್, ಶುಭಾಶಯ. ನಿಮ್ಮ ಹೆಸರು ನಿಮಗೆ ಬಂತು" ಎಂದರು. ನಮ್ಮವರು ಮಿಲ್ಲಿನ ಮೂಲೆಯಿಂದ ಹಳೆಯ ಫಲಕವನ್ನು ಹೊರತೆಗೆದು ಒರೆಸತೊಡಗಿದರು. ನೀಲಿ ಪಟ್ಟಿ, ಬಿಳಿ ಹಾಯಿ. ನಾನು ಹತ್ತಿರ ಹೋಗಿ ನಿಂತೆ. ಯಾರೋ ಬಳಸಿ ಬಿಸಾಡಿದ ಹಲ್ಲುಜ್ಜುವ ಬ್ರಷ್ಷನ್ನು ತೊಳೆದು ನನ್ನ ಕೈಗೆ ಕೊಟ್ಟ ಹಾಗಿತ್ತು. ನನ್ನದೇ ಹೌದು, ಆದರೆ ಇನ್ನು ಬಾಯಿಗೆ ಇಟ್ಟುಕೊಳ್ಳಲಾರೆ.

"ಬೇಡ" ಎಂದೆ.

"ಇಷ್ಟು ಹೋರಾಡಿದ್ದು ಮತ್ತೆ ಯಾಕೆ?" ಎಂದರು.

"ಅವನ ಕೈಯಲ್ಲಿ ಇರಬಾರದು ಅಂತ."

ಅವರು ಫಲಕವನ್ನು ಗೋಡೆಗೆ ಮುಖ ಮಾಡಿ ಇಟ್ಟರು. ಒರೆಸುತ್ತಿದ್ದ ಬಟ್ಟೆಯನ್ನು ಮಡಚಿ ಅದರ ಮೇಲಿಟ್ಟರು. ಆ ಹಾಯಿಯನ್ನು ಬರೆದವರು ಅವರಲ್ಲವೇ.

ಹೊಸ ಹೆಸರು ಸೋಣ ಎಂದಿಟ್ಟೆ. ಮಳೆ ಹಗುರಾಗಿ ಬಿಸಿಲು ಇಣುಕುವ ನಮ್ಮ ತುಳುವರ ತಿಂಗಳು ಅದು. ಈ ಸಲ ಒಂದು ಚೀಟಿಯನ್ನೂ ಅಚ್ಚು ಹಾಕಿಸಲಿಲ್ಲ, ಯಾರ ಮುಂದೆಯೂ ಆ ಹೆಸರೆತ್ತಲಿಲ್ಲ. ನೇರ ಹನಾನ್ ಬಳಿ ಹೋದೆವು. ಅದೇ ಹೆಸರಿನಲ್ಲಿ, ಅದನ್ನು ಹೋಲುವ ಹೆಸರಿನಲ್ಲಿ ಬೇರೆ ಯಾರಾದರೂ ಮಸಾಲೆ ಮಾರುತ್ತಿದ್ದಾರೆಯೇ ಎಂದು ಅವರು ಮೊದಲು ಹುಡುಕಿಸಿದರು. ಹೆಸರಿಗೂ ಚಿತ್ರಕ್ಕೂ ಅರ್ಜಿ ಹಾಕಿದರು. ಇಲ್ಲಿನ ನೋಂದಣಿ ಇಲ್ಲಿಗಷ್ಟೇ, ಊರಿನಲ್ಲೂ ಮಾರುವುದಾದರೆ ಅಲ್ಲಿ ಪ್ರತ್ಯೇಕ ಮಾಡಿಸಬೇಕು ಎಂದು ತಿಳಿಸಿದರು. ಅದನ್ನೂ ಮಾಡಿಸಿದೆವು. ಪ್ರಮಾಣಪತ್ರ ಬಂದ ಮೇಲೆಯೇ ಪೊಟ್ಟಣ ಅಚ್ಚಿಗೆ ಹೋಯಿತು. ಇಷ್ಟೇ ಕೆಲಸ. ಇದನ್ನು ಮೊದಲೇ ಮಾಡಿದ್ದರೆ ಒಂದು ಮಗುವಿನ ಹೊಟ್ಟೆಯೂ ನನ್ನ ಹೆಸರೂ ಉಳಿಯುತ್ತಿದ್ದವು. ಈಗ ಅಲ್ ಮನ್ಸೂರಾದಲ್ಲಿ ಯಾರಾದರೂ ಹೊಸದಾಗಿ ಅಂಗಡಿ ಹಾಕಿದರೆ, ಹೋಟೆಲಾಗಲಿ ಹೊಲಿಗೆಯದ್ದಾಗಲಿ, ನಾನು ಹೋಗಿ ಇದನ್ನು ಹೇಳಿ ಬರುತ್ತೇನೆ. ಗೋಡೆಗೆ ತೂಗುಹಾಕಿದ ಲೈಸೆನ್ಸನ್ನು ತೋರಿಸಿ, "ನಮ್ಮದು ಇದೆ ಅಕ್ಕ" ಎನ್ನುತ್ತಾರೆ. ನನ್ನ ಮೈ ಉರಿಯುತ್ತದೆ.

ಸೋಣ ನಿಧಾನಕ್ಕೆ ಹಿಡಿಯಿತು. ಸಣ್ಣ ಅಂಗಡಿಗಳು ಮತ್ತೆ ಫೋನು ಮಾಡತೊಡಗಿದವು. ಆಗ ಒಂದು ಬೆಳಗ್ಗೆ ರತ್ನಾಕರ ಅಂಗಡಿಗೆ ಬಂದ. ಕೈಯಲ್ಲಿ ಸಿಹಿತಿಂಡಿಯ ಪೆಟ್ಟಿಗೆ. ಮುಖದಲ್ಲಿ ಅದೇ ನಗು. ಕಟ್ಟೆಯ ಮೇಲೆ ಪೆಟ್ಟಿಗೆ ಇಟ್ಟು, ಹೊಸ ಪೊಟ್ಟಣವನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದ. ಅವನ ಹೆಬ್ಬೆರಳು ಹೆಸರಿನ ಮೇಲೆ ಸವರುತ್ತಿತ್ತು.

"ಒಳ್ಳೇ ಹೆಸರು ಅಕ್ಕ. ಆದದ್ದೆಲ್ಲ ಆಯ್ತು, ಖಲಾಸ್. ಬಿಸಿನೆಸ್ಸಿನಲ್ಲಿ ಇದೆಲ್ಲ ಇರುವುದೇ. ನನ್ನ ಹತ್ತಿರ ವ್ಯಾನುಗಳಿವೆ. ಸಪ್ಲೈ ನನಗೇ ಕೊಡಿ."

ನಾನು ಅವನ ಕೈಯಿಂದ ಪೊಟ್ಟಣವನ್ನು ತೆಗೆದುಕೊಂಡೆ. ತುಳುವಿನಲ್ಲಿ ಆತ್ಮೀಯರಿಗೆ, ಕಿರಿಯರಿಗೆ 'ಈ' ಎನ್ನುತ್ತೇವೆ. ದೂರದವರಿಗೆ, ಹೊರಗಿನವರಿಗೆ 'ಈರ್'. ಅವನು ವ್ಯಾನು ಓಡಿಸುತ್ತಿದ್ದ ಹುಡುಗನಾಗಿದ್ದಾಗಿನಿಂದ ನಾನು ಅವನನ್ನು 'ಈ' ಎಂದು ಬಿಟ್ಟು ಬೇರೆ ಕರೆದದ್ದಿಲ್ಲ.

"ಈರ್ ಪಿದಯಿ ಪೋಲೆ" ಎಂದೆ. ನೀವು ಹೊರಗೆ ಹೋಗಿ.

ಅವನಿಗೆ ಬೈಗುಳ ಬಿದ್ದಿದ್ದರೆ ನಕ್ಕು ಕೂರುತ್ತಿದ್ದನೇನೋ. ಆ ಒಂದು ಮರ್ಯಾದೆಯ ಶಬ್ದಕ್ಕೆ ಅವನ ಮುಖ ಬಿಳಿಚಿತು. ಬಾಗಿಲು ತಳ್ಳಿಕೊಂಡು ಹೋದ. ಸಿಹಿತಿಂಡಿಯ ಪೆಟ್ಟಿಗೆ ಅಲ್ಲೇ ಉಳಿದಿತ್ತು. ನಾನು ಅದನ್ನು ಕಾಗದದಲ್ಲಿ ಹಿಡಿದು ಹೊರಗಿನ ಕಸದ ತೊಟ್ಟಿಗೆ ಹಾಕಿದೆ. ಒಳಗೆ ಬಂದು, ಮಾಯಾ ಬೇಡವೆಂದರೂ ಕೇಳದೆ, ಕಟ್ಟೆಯನ್ನು ಸೋಪು ನೀರು ಹಾಕಿ ತಿಕ್ಕಿ ತೊಳೆದೆ.